ಎಲ್ಲದಕ್ಕೂ ಓಕೆ ಎನ್ನುವ ರೇಡಿಯೋ

ಫ್ರೆಂಡ್ಸ್, ಇವತ್ತು ಲ್ಯಾಬಿನಲ್ಲಿ ನನ್ನ ರೇಡಿಯೋ ನನ್ನ ಮರ್ಯಾದೆ ತೆಗೆಯಿತು. ನಾಳೆಯ ಎಕ್ಸಿಬಿಷನ್ನಿಗೆ ಫಸ್ಟ್ ಇಯರಿನಿಂದ ಸೆಲೆಕ್ಟ್ ಆಗಿದ್ದವನು ನಾನೊಬ್ಬನೇ. ನಾನೇ ಜೋಡಿಸಿದ ಈ ರೇಡಿಯೋಗೆ ತಿರುಗಿಸುವ ಗುಂಡಿ ಇಲ್ಲ. ಕಂಪ್ಯೂಟರಿನ ಸೀರಿಯಲ್ ಪೋರ್ಟಿಗೆ ಕೇಬಲ್ ಸಿಕ್ಕಿಸಿ, ಸ್ಟೇಷನ್ನಿನ ನಂಬರ್ ಟೈಪ್ ಮಾಡಿ ಎಂಟರ್ ಒತ್ತಬೇಕು. ಸ್ಟೇಷನ್ ಹಿಡಿಯುವ ಟ್ಯೂನರ್, ಸ್ಕ್ರೀನಿನ ಮೇಲೆ 'ಓಕೆ' ಎಂದು ಉತ್ತರ ಕೊಟ್ಟು ಸ್ಟೇಷನ್ ಬದಲಿಸುತ್ತದೆ.

ಲ್ಯಾಬಿನ ಸರ್ ಎದುರಿಗೆ ಮೈಸೂರು ಸ್ಟೇಷನ್ ಟೈಪ್ ಮಾಡಿದೆ. ಓಕೆ ಬಂತು. ಸ್ಪೀಕರಿನಲ್ಲಿ ಮಾತ್ರ ಬರೀ ಗೊರಗೊರ. ಅವಸರದಲ್ಲಿ ಯಾವುದೋ ಇಲ್ಲದ ಸ್ಟೇಷನ್ನಿನ ನಂಬರ್ ಒತ್ತಿದೆ. ಅದಕ್ಕೂ ಓಕೆ!

"ಇದೇನಯ್ಯಾ, ಏನ್ ಕೇಳಿದ್ರೂ ಹೂಂ ಅಂತದೆ, ಮಾಡೋದ್ ಮಾತ್ರ ಏನೂ ಇಲ್ಲ. ಎಲೆಕ್ಷನ್‌ಗೆ ನಿಲ್ಸು ಇದನ್ನ," ಎಂದರು ಸರ್. ಸೀನಿಯರುಗಳೆಲ್ಲ ನಕ್ಕರು. "ನಾಳೆ ನಿಂದು ಬೇಡ ಬಿಡು."

ಅವರು ಹೋದ ಮೇಲೆ ಕಿಟಕಿಯಾಚೆ ನೋಡಿದೆ. ಸಿಗ್ನಲ್ ಹಿಡಿಯಲು ನಾನು ಕಟ್ಟಿದ್ದ ಏರಿಯಲ್ ತಂತಿಯೇ ಇರಲಿಲ್ಲ. ಅದು ಹಾಸ್ಟೆಲಿನ ಹಿಂದೆ ಎರಡು ಕಂಬಗಳ ನಡುವೆ ಸಿಕ್ಕಿತು. ಯಾರದೋ ಟವೆಲ್ ಅದರ ಮೇಲೆ ಒಣಗುತ್ತಿತ್ತು. ಬಿಚ್ಚಿಕೊಂಡು ಓಡಿದೆ. ಸರ್ ಆಗಲೇ ನಂಜನಗೂಡಿನ ಬಸ್ ಹತ್ತಿಬಿಟ್ಟಿದ್ದರು.

ಸಂಜೆ ನರಸೀಪುರದಿಂದ ಅಪ್ಪನ ಫೋನ್. "ಮಗಾ, ನಾಳೀಕೆ ನಾನೂ ನಿಮ್ಮವ್ವನೂ ಬತ್ತೀವಿ ಕಣ್ಲಾ. ಅವ್ಳು ಹೊಸ ಸೀರೆ ಎತ್ತಿಟ್ಕಂಡವ್ಳೆ. ನಿನ್ ರೇಡಿಯೋ ಎಲ್ಲಾ ಸರಿಯಾಗದಾ?"

"ಓಕೆ ಅಪ್ಪಾ," ಎಂದುಬಿಟ್ಟೆ.

ಇನ್ನು ಆ ಟ್ಯೂನರನ್ನು ಬೈಯಲು ನನಗೆ ಮುಖವಿಲ್ಲ.