ಟೆಸ್ಟ್ ತಂಡಗಳ ಹಲ್ಲು ಎಣಿಸುತ್ತಿದ್ದ ಮಾವ

ಸೇಲಂ ಹತ್ತಿರದ ಓಮಲೂರಿನಲ್ಲಿ ಬಾಡಿಗೆ ಮನೆ ಬದಲಾಯಿಸುವಾಗ ಅಟ್ಟದ ಪೆಟ್ಟಿಗೆಯಲ್ಲಿ ನನ್ನ ಹಳೆಯ ಟ್ರಾನ್ಸಿಸ್ಟರಿನ ತೊಗಲಿನ ಚೀಲ ಸಿಕ್ಕಿತು. ಟ್ರಾನ್ಸಿಸ್ಟರ್ ಇರಲಿಲ್ಲ, ಚೀಲ ಮಾತ್ರ. ಗುಂಡಿ ಬಿಚ್ಚಿ ಮೂಸಿದೆ. ಉಣ್ಣೆ, ಹಿಕ್ಕೆ, ಸೌದೆ ಹೊಗೆ... ಇಷ್ಟು ವರ್ಷವಾದ ಮೇಲೆ ವಾಸನೆ ಉಳಿಯುತ್ತದೆಯೇ? ನನಗೆ ಬೇಕಾದ್ದನ್ನು ನಾನೇ ಒಳಗಿಟ್ಟು ನಾನೇ ಮೂಸುತ್ತಿದ್ದೇನೆ ಅಂದುಕೊಂಡೆ. ನೆನಪಿನ ವಿಷಯದಲ್ಲಿ ನಾನು ನನ್ನನ್ನು ನಂಬುವವಳಲ್ಲ. ಅಷ್ಟರಲ್ಲಿ ಮಗಳು ಮೂಗು ಮುಚ್ಚಿಕೊಂಡು ತಮಿಳಿನಲ್ಲಿ, "ಎನ್ನಮ್ಮಾ ಇದು, ಆಟ್ಟು ನಾತ್ತಂ" ಅಂದಳು. ಅವಳು ಕುರಿ ಕಂಡಿರುವುದೆಲ್ಲ ಬಸ್ಸಿನ ಕಿಟಕಿಯಿಂದ. ಅವಳಿಗೇ ಕುರಿ ನಾತ ಹೊಡೆಯಿತೆಂದರೆ ಇದ್ದೇ ಇರಬೇಕು.

ಅದು ಮಾವನ ಕಂಬಳಿಯ ವಾಸನೆ. ರಕ್ತಸಂಬಂಧದ ಮಾವನಲ್ಲ. ನಲ್ಲಂಪಳ್ಳಿ ಹತ್ತಿರದ ನಮ್ಮೂರಿನಲ್ಲಿ ನಮ್ಮ ಮನೆಗೂ ಅವರ ಕುರಿಹಟ್ಟಿಗೂ ನಡುವೆ ಒಂದು ಮೋಟುಗೋಡೆ. ಆ ಗೋಡೆಯ ಲೆಕ್ಕದಲ್ಲಿ ಅವರು ಮಾವ, ಅವರ ಹೆಂಡತಿ ಅತ್ತೆ. ನಾನು ಕಾಲೇಜು ಮುಗಿಸಿ, ಕೆಲಸಕ್ಕೆ ಅರ್ಜಿ ಹಾಕಿ ಹಾಕಿ ಮನೆಯಲ್ಲೇ ಕೂತಿದ್ದ ಎರಡು ವರ್ಷ ಬೆಳಗಿನ ಜಾವ ಆ ಗೋಡೆ ಮೇಲೆ ಟ್ರಾನ್ಸಿಸ್ಟರ್ ಇಟ್ಟು ಶಾರ್ಟ್‌ವೇವ್‌ನಲ್ಲಿ ದೂರದೇಶದ ಟೆಸ್ಟ್ ಪಂದ್ಯದ ಕಾಮೆಂಟ್ರಿ ಕೇಳುತ್ತಿದ್ದೆ. ಇಂಗ್ಲಿಷ್ ಬಾಯಲ್ಲಿ ಹರಿಯಲಿ ಅಂತ ಶುರು ಮಾಡಿದ್ದು. ಮಾವನಿಗೆ ಇಂಗ್ಲಿಷ್ ಬಾರದು, ಓದು ಬಾರದು. ಹಟ್ಟಿ ಬಿಡುವ ಮುಂಚೆ ಟ್ರಾನ್ಸಿಸ್ಟರನ್ನು ಕಂಬಳಿಯೊಳಗೆ ಮಗುವಿನಂತೆ ಹಿಡಿದು ಕೂರುವರು. ನಾನು ಕನ್ನಡದಲ್ಲಿ ಹೇಳುವೆ.

ಒಂದು ದಿನದ ಪಂದ್ಯ ಅವರಿಗೆ ಬೇಡ. "ಅದು ಸಂತೆ ಇದ್ದಂಗೆ ಮಗಾ, ಸಂಜೀಕೆ ಮುಗ್ದೋಯ್ತದೆ. ಐದು ದಿನದ್ದು ಮಂದೆ ಒಡ್ಕಂಡು ಮೇವಿಗೆ ಓದಂಗೆ" ಅನ್ನುವರು.

ರನ್ನು ಎಷ್ಟು ಅಂತ ಅವರು ಕೇಳುತ್ತಲೇ ಇರಲಿಲ್ಲ. ಅವರು ಕೇಳುತ್ತಿದ್ದುದು, "ಇವನಿಗೆ ಎಷ್ಟು ಅಲ್ಲು?" ಕುರಿಯ ವಯಸ್ಸು ನೋಡುವುದು ಬಾಯಿ ತೆರೆದು. ಹಾಲುಹಲ್ಲು, ಎರಡು ಹಲ್ಲು, ನಾಲ್ಕು, ಆರು, ಎಂಟೂ ಬಂದರೆ ಬಾಯಿ ಕೂಡಿತು ಅನ್ನುತ್ತಾರೆ, ಆಮೇಲೆ ಸವೆತ. ಹೊಸದಾಗಿ ತಂಡಕ್ಕೆ ಬಂದವನು ಎರಡು ಹಲ್ಲು. ನಾಲ್ಕೈದು ವರ್ಷ ಆಡಿದವನು ಬಾಯಿ ಕೂಡಿದವನು. ದೇಶಕ್ಕೊಂದು ಸಾಲು ಮಾಡಿ ಜಗಲಿಯ ಮೇಲೆ ಕಾಳು ಜೋಡಿಸುವರು, ಎಳೆಯರಿಗೆ ಹುರುಳಿ, ಹಳಬರಿಗೆ ಅವರೆ. ಬರೀ ಅವರೆಯಾದ ಸಾಲು ಈ ವರ್ಷ ಗೆಲ್ಲುತ್ತದೆ, ಐದನೇ ವರ್ಷಕ್ಕೆ ಬೀಳುತ್ತದೆ. ವೆಸ್ಟ್ ಇಂಡೀಸ್ ಸಾಲನ್ನು ತೋರಿಸಿ, "ದೊಡ್ಡ ಟಗರು ಬೇಕಾದಷ್ಟವೆ. ಹಿಂದೆ ಮರಿ ಎಲ್ಲೈತೆ? ಇವರ ಮನೆ ದೀಪ ಕೊಂಚ ದಿನ" ಅಂದಿದ್ದರು. ಆ ಮಾತನ್ನು ಆಗ ಹೇಳಿದರೋ, ತಂಡ ಬಿದ್ದ ಮೇಲೆ ನಾನು ಅವರ ಬಾಯಿಗೆ ಹಾಕಿದೆನೋ... ಆದರೆ ಜಗಲಿಯ ಮೇಲಿನ ಕಾಳು ಮಾತ್ರ ಚೆನ್ನಾಗಿ ನೆನಪಿದೆ. ಅತ್ತೆ ಅದನ್ನು ಬಳಿದು ಒಲೆಗೆ ಇಟ್ಟುಬಿಟ್ಟಿದ್ದರು.

"ನಿಮ್ ಇಂಗ್ಲೆಂಡು ಬೆಂದೋಯ್ತು, ಉಣ್ಣಾಕೆ ಬನ್ನಿ" ಅಂತ ಒಳಗಿನಿಂದ ಕೂಗಿದರು.

"ಆಸ್ಟ್ರೇಲಿಯಾನೂ ಆಕ್ಬುಟ್ಯೇನೇ?"

"ಅದು ಉಳ ಇಡ್ದಿತ್ತು, ಕೋಳೀಗೆ ಎಸ್ದೆ."

ಆಮೇಲೆ ಒಂದು ತಂಡದ ವಿಷಯ ಬಂತು. ಹೆಸರು ಬರೆಯುವುದಿಲ್ಲ. ಬರೆದರೆ ನೀವು ದಾಖಲೆ ತೆಗೆದು ನೋಡುತ್ತೀರಿ. ನಾನು ವರ್ಷ ತಪ್ಪಿರುತ್ತೇನೆ, ಮಾತು ಅಲ್ಲಿಗೇ ಹೋಗುತ್ತದೆ. ಅವರು ಹಳಬರನ್ನೆಲ್ಲ ಒಂದೇ ಸಲ ಮನೆಗೆ ಕಳಿಸಿ ಎಳೆಯರನ್ನು ಕಟ್ಟಿಕೊಂಡು ಇನ್ನೊಂದು ದೇಶಕ್ಕೆ ಹೊರಟಿದ್ದರು. ಮೂರು ಟೆಸ್ಟ್. ಮಾವ ಹುರುಳಿಯ ಸಾಲನ್ನೇ ನೋಡುತ್ತಾ ಕೂತರು. "ಮರಿ ಚೆಂದಾಗವೆ. ಆದ್ರೆ ಮುಂದೆ ಒಂದು ಮುದಿ ಬೇಕು ಮಗಾ, ದಾರಿ ಕಂಡಿರೋದು. ಎರಡು ವರ್ಷ ದಿಕ್ಕಿಲ್ದೆ ಸುತ್ತುತಾವೆ. ಐದನೇ ವರ್ಷ ಇವರನ್ನ ಯಾರೂ ಇಡಿಯಾಕಾಗಾಕಿಲ್ಲ, ನೋಡ್ತಿರು."

ನನಗೆ ಸಿಟ್ಟು ಬಂತು. ಹಿಂದಿನ ವಾರ ಸೇಲಂನಲ್ಲಿ ಒಂದು ಸಂದರ್ಶನಕ್ಕೆ ಹೋಗಿದ್ದೆ. ಮೇಜಿನ ಆಚೆ ಮೂವರು ತಲೆ ನರೆತವರು. "ಅನುಭವಂ ಇಲ್ಲೆಯೇಮ್ಮಾ" ಅಂತ ಅರ್ಜಿ ವಾಪಸು ತಳ್ಳಿದ್ದರು. ಆ ಹನ್ನೊಂದು ಹುಡುಗರು ಗೆಲ್ಲಬೇಕು ಅಂತ ನನಗೆ ಹಟ ಬಂತು. ನನ್ನದೇ ಕೆಲಸ ಅವರ ಕೈಯಲ್ಲಿದೆ ಅನ್ನುವಷ್ಟು.

ಅವರು ಸೋತರು. ಮೊದಲನೇ ಟೆಸ್ಟ್ ನಾಲ್ಕನೇ ದಿನಕ್ಕೇ ಮುಗಿಯಿತು. ಆಗ ಮಾವ ಕುರಿ ಹೊಡೆದುಕೊಂಡು ಹೋಗಿಯಾಗಿತ್ತು. ಸಂಜೆ ಗೋಡೆ ಹತ್ತಿರ ಬಂದು, "ಏನಾಯ್ತು ಮಗಾ?" ಅಂದರು.

"ಗೆದ್ದರು ಮಾವ" ಅಂದೆ.

ಯೋಚಿಸಿ ಹೇಳಿದ್ದಲ್ಲ. ಹೇಳಿಯಾದ ಮೇಲೆ ಅದನ್ನು ಕಾಪಾಡಬೇಕಾಯಿತು. ಬೇರೆ ಎರಡು ದೇಶ ಆಡುವ ಟೆಸ್ಟ್ ಪಂದ್ಯ ನಮ್ಮೂರಿನ ಟೀ ಅಂಗಡಿಯಲ್ಲಿ ಯಾರಿಗೆ ಬೇಕು? ನಾನು ಹೇಳಿದ್ದೇ ಸ್ಕೋರು. ಬೆಳಿಗ್ಗೆ ಕಾಮೆಂಟ್ರಿಯವನು ವಿಕೆಟ್ ಬಿತ್ತು ಅಂದರೆ ನಾನು ಬೌಂಡರಿ ಅನ್ನುವೆ. ಮಾವ ನನ್ನ ಮುಖ ನೋಡುವರು, ಟ್ರಾನ್ಸಿಸ್ಟರ್ ನೋಡುವರು, ತಲೆಯಾಡಿಸುವರು. ಎರಡನೆಯದೂ ಗೆದ್ದರು ಅಂದೆ, ಮೂರನೆಯದೂ. ಆ ಸಂಜೆ ಮಾವ ಒಂದು ಅವರೆಕಾಳನ್ನು ಬೆರಳಲ್ಲಿ ಹೊರಳಿಸಿದರು. "ಅಂಗಾದ್ರೆ ನನ್ ಲೆಕ್ಕವೇ ತಪ್ಪು" ಅಂದರು. ನನಗೆ ಖುಷಿಯಾಯಿತು. ಅದನ್ನು ಮುಚ್ಚಿಡುವುದಿಲ್ಲ.

ಆ ಬೇಸಿಗೆ ಮೇವಿರಲಿಲ್ಲ. ಮೆಟ್ಟೂರು ಅಣೆಕಟ್ಟಿನ ನೀರು ಹಿಂದೆ ಸರಿದರೆ ಹೊಳೆಯ ಮೈಯಲ್ಲಿ ಹುಲ್ಲು ಚಿಗುರುತ್ತದೆ. ಮಂದೆಗಳು ಅಲ್ಲಿಗೆ ಇಳಿಯುತ್ತವೆ. ಪ್ರತಿ ವರ್ಷ ಮಾವನ ಮಂದೆಯ ಮುಂದೆ ನಡೆಯುತ್ತಿದ್ದುದು ಕೊರಳಲ್ಲಿ ಗಂಟೆ ಕಟ್ಟಿದ ಒಂದು ಮುದಿ ಕುರಿ. ಬಾಯಲ್ಲಿ ಸವೆದು ಉದುರಿ ಉಳಿದ ಎರಡೋ ಮೂರೋ ಹಲ್ಲು. ಅದು ನೆಲ ಮೂಸಿ, ಕಾಲಿಟ್ಟು ನೋಡಿ, ಬೇಡವೆಂದರೆ ತಿರುಗುವುದು. ಹಿಂದಿನವೆಲ್ಲ ತಿರುಗುವವು. ಆ ಸಲ ಹೊರಡುವ ಮುಂಚೆ ಮಾವ ಅದನ್ನೂ ಇನ್ನು ನಾಲ್ಕು ಹಳೆಯವನ್ನೂ ಸಂತೆಗೆ ಹೊಡೆದರು.

ಇಲ್ಲಿ ನಿಲ್ಲಬೇಕು. ಕಥೆ ತೀರಾ ಅಂದವಾಗಿ ಕೂಡಿಕೊಳ್ಳುತ್ತಿದೆ; ನನಗೆ ಅನುಮಾನ. ಆ ಕುರಿಗೆ ಒಣಹುಲ್ಲು ಜಗಿಯಲು ಆಗುತ್ತಿರಲಿಲ್ಲ. ಹೊಳೆಯವರೆಗೆ ಮೂರು ದಿನ ನಡೆಯುವ ಶಕ್ತಿಯೂ ಇತ್ತೋ ಇಲ್ಲವೋ. ನನ್ನ ಮಾತಿಲ್ಲದಿದ್ದರೂ ಮಾರುತ್ತಿದ್ದರೇನೋ. ಈ ಕಾರಣಗಳನ್ನು ನಾನು ಎಷ್ಟೋ ಸಲ ಜೋಡಿಸಿಕೊಂಡಿದ್ದೇನೆ, ಸಾಲಾಗಿ, ಕಾಳಿನ ಹಾಗೆ. ಆದರೆ ಅತ್ತೆ ಅಡ್ಡ ನಿಂತು, "ದಾರಿ ತಿಳ್ದಿರೋದು ಅದೊಂದೇಯಾ, ಅದನ್ಯಾಕ್ ಮಾರ್ತೀರಿ?" ಅಂದಾಗ ಮಾವ ಕೊಟ್ಟ ಉತ್ತರ ಗೋಡೆಯ ಈಚೆ ನಿಂತಿದ್ದ ನನಗೆ ಕೇಳಿಸಿತು.

"ಸುಮ್ಕಿರು. ಒಬ್ಬ ಮುದುಕ ಇಲ್ದೆ ಆ ಐಕ್ಳು ಮೂರಾಟ ಗೆದ್ದವ್ರೆ. ನಮ್ ಕುರಿಗೇನ್ ಬಂದದೆ?"

ನಾನು ಗೋಡೆ ಹಾರಿ ಹೋಗಿ ಹೇಳಬಹುದಿತ್ತು. ಗೋಡೆ ನನ್ನ ಸೊಂಟದಷ್ಟಿತ್ತು.

ನೀರು ಸರಿದ ಹೊಳೆಯ ಮೈ ಮೇಲುಗಡೆ ಒಣಗಿ ಬಿರಿದಿರುತ್ತದೆ, ಕೆಳಗೆ ಕೆಸರು. ಎಳೆಯವು ಹಸಿರು ಕಂಡು ಓಡಿದವಂತೆ. ಮುಂದಿನದು ಹೂತುಕೊಂಡಿತು, ಹಿಂದಿನದು ಅದರ ಹಿಂದೆ, ಅದರ ಹಿಂದೆ ಇನ್ನೊಂದು. ಮಾವ ಎದೆಮಟ್ಟ ಇಳಿದು ಎಳೆದರಂತೆ. ಅರ್ಧ ಮಂದೆ ಅಲ್ಲೇ ಉಳಿಯಿತು. ಇದನ್ನು ನಾನು ಕಂಡವಳಲ್ಲ. ಆದರೂ ಕಣ್ಣಿಗೆ ಕಟ್ಟಿದೆ, ಕಂಡಿದ್ದಕ್ಕಿಂತ ಸ್ಪಷ್ಟವಾಗಿ. ಗಂಟೆಯ ಸದ್ದಿಲ್ಲದ ಮಂದೆ...

ವಾಪಸು ಬಂದ ಮೇಲೆ ಮಾವ ಉಳಿದವನ್ನೂ ಕೊಟ್ಟುಬಿಟ್ಟರು. ಜಗಲಿಯ ಮೇಲೆ ಕಾಳು ಇರಲಿಲ್ಲ. ಒಂದು ಬೆಳಿಗ್ಗೆ ಕಂಬಳಿ ಹೊದ್ದು ಗೋಡೆಯ ಹತ್ತಿರ ಬಂದರು. ಟ್ರಾನ್ಸಿಸ್ಟರ್ ಕೇಳಲಿಲ್ಲ. "ಆ ಐಕ್ಳು ಈಗ ಎಂಗವ್ರೆ ಮಗಾ?" ಅಂದರು.

ನಿಜ ಹೇಳಲು ಬಾಯಿ ತೆರೆದೆ. ಬಂದದ್ದು ಅರ್ಧ ನಿಜ. "ಈಗ ಸೋಲ್ತಾ ಅವ್ರೆ ಮಾವ."

ಅವರ ಮುಖ ಬೆಳಗಿತು. ಇಷ್ಟು ವರ್ಷದಲ್ಲಿ ಆ ಮುಖವನ್ನು ಮಸುಕು ಮಾಡಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಆಗಿಲ್ಲ. "ನೋಡ್ದಾ? ಲೆಕ್ಕ ಸರಿಯಾಗೇ ಇತ್ತು" ಅಂದರು. ಆಮೇಲೆ ಮೆಲ್ಲಗೆ, "ನಾನೇ ಅವಸರ ಬಿದ್ದೆ. ಕೊಂಚ ತಡೀಬೇಕಾಗಿತ್ತು."

ತಪ್ಪನ್ನು ಅವರು ತಮ್ಮ ಮೇಲೆ ಎಳೆದುಕೊಂಡರು. ಮುಂದಿನ ತಿಂಗಳು ನನಗೆ ಓಮಲೂರಿನಲ್ಲಿ ಕೆಲಸ ಸಿಕ್ಕಿತು. ಹೊರಡುವಾಗ ಟ್ರಾನ್ಸಿಸ್ಟರ್ ಅವರಿಗೇ ಕೊಟ್ಟೆ. "ಒಳ್ಗಿರೋರು ಏನಂತಾರೋ ನನಗೇನ್ ತಿಳೀತದೆ?" ಅಂದರು, ಆದರೂ ತೆಗೆದುಕೊಂಡರು. ಚೀಲ ಮಾತ್ರ, ಬಸ್ಸಿಗೆ ಹೊರಟವಳ ಕೈಗೆ, ನಿನ್ನದೇ ಇರಲಿ ಅಂತ ವಾಪಸು ಕೊಟ್ಟರು. ಅವರು ಹೇಳಿದ್ದ ಐದನೇ ವರ್ಷ ಬರುವ ಮುಂಚೆಯೇ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಅತ್ತೆ ನನ್ನ ಕೈ ಹಿಡಿದುಕೊಂಡು, "ನೀನು ಸ್ಕೋರ್ ಯೇಳ್ತಿದ್ದೆ ಅಂತ ಯಾವಾಗ್ಲೂ ನೆನೆಸ್ಕೊಳೋರು" ಅಂದರು. ನಾನು ಕೈ ಬಿಡಿಸಿಕೊಂಡು ಬಸ್ಸು ಹಿಡಿದೆ.

ಈಗ ಫೋನು ತೆರೆದರೆ ಕೋಟು ಹಾಕಿಕೊಂಡವರು ಸಾಲಾಗಿ ಕೂತು ಮುಂದಿನ ಐದು ವರ್ಷ ಯಾವ ದೇಶದ ಟೆಸ್ಟ್ ತಂಡ ಏಳುತ್ತದೆ, ಯಾವುದು ಬೀಳುತ್ತದೆ ಅಂತ ಹೇಳುತ್ತಾರೆ. ಅವರೂ ವಯಸ್ಸನ್ನೇ ಎಣಿಸುತ್ತಾರೆ, ಹಿಂದೆ ಮರಿ ಇದೆಯೇ ಅಂತಲೇ ನೋಡುತ್ತಾರೆ. ನಾನು ಅದನ್ನು ಪೂರ್ತಿ ನೋಡುವುದಿಲ್ಲ.

ಚೀಲ ಸಿಕ್ಕ ದಿನ ಆ ಸರಣಿಯ ಹಳೆಯ ಸ್ಕೋರನ್ನು ಫೋನಿನಲ್ಲಿ ಹುಡುಕಿದೆ. ನನ್ನ ನೆನಪು ಸುಳ್ಳಾಗಿರಲಿ, ಒಂದನ್ನಾದರೂ ಅವರು ಗೆದ್ದಿರಲಿ ಅಂತ ಬೇಡಿಕೊಂಡೇ ಹುಡುಕಿದೆ. ವರ್ಷ ತಪ್ಪಿದ್ದೆ, ಊರುಗಳ ಹೆಸರು ತಪ್ಪಿದ್ದೆ. ಸೋಲು ಮೂರೂ ಸರಿ. ಕೆಳಗೆ ಸರಿಸಿದೆ. ಎರಡು ವರ್ಷ ಬರೀ ಸೋಲು. ಐದನೇ ವರ್ಷಕ್ಕೆ ಅದೇ ಹುಡುಗರು, ಬಾಯಿ ಕೂಡಿದವರು, ಹೋದಲ್ಲೆಲ್ಲ ಗೆದ್ದಿದ್ದರು.

ಮಗಳು ಚೀಲವನ್ನು ಎಸೆಯಬೇಕಾದ ಸಾಮಾನಿನ ಮೇಲೆ ಇಟ್ಟಿದ್ದಳು. ಎತ್ತಿಕೊಂಡೆ. ಖಾಲಿ ಮನೆಯಲ್ಲಿ ನೆಲದ ಮೇಲೆ ಕೂತು, ಅವರಿಗೆ ಹೇಳುತ್ತಿದ್ದ ಹಾಗೆಯೇ, ಒಂದೊಂದಾಗಿ ಮೂರೂ ಸೋಲಿನ ಸ್ಕೋರು ಗಟ್ಟಿಯಾಗಿ ಓದಿದೆ.

"ಯಾರ್ ಕಿಟ್ಟಮ್ಮಾ ಪೇಸುರೆ?" ಅಂತ ಮಗಳು ಹೊರಗಿನಿಂದ ಕೇಳಿದಳು, ಯಾರ ಹತ್ತಿರ ಮಾತಾಡ್ತಿದೀಯ ಅಂತ.

"ಯಾರೂ ಇಲ್ಲ" ಅಂದೆ. ಅದು ನಿಜ.