ಬೆರಳು ಹಿಡಿದ ಬಳ್ಳಿ

ಬನಹಟ್ಟಿಯ ಸಾವಕ್ಕನ ಬಾಯಿಗೆ ಇಡೀ ಓಣಿಯೇ ಹೆದರುತ್ತಿತ್ತು. ಅಂಥ ಹೆಂಗಸು ಒಂದು ಎಲೆ ಕಿತ್ತರೂ ಮನಸ್ಸಿನಲ್ಲೇ ಕ್ಷಮೆ ಕೇಳುತ್ತಿದ್ದಳು! ಅಷ್ಟಮಿ, ಚತುರ್ದಶಿ ಬಂದರೆ ಮುಗಿಯಿತು, ಆ ಜೈನರ ಮನೆಯಲ್ಲಿ ಯಾರೂ ಹಸಿರು ಕಡ್ಡಿ ಮುರಿಯುವಂತಿರಲಿಲ್ಲ. ಗಂಡ ಪಾರಿಸಪ್ಪ ಒಮ್ಮೆ ಮರೆತು ಕರಿಬೇವು ಹರಿದದ್ದಕ್ಕೆ ಮೂರು ದಿನ ಅವನ ಜತೆ ಮಾತು ಬಿಟ್ಟಿದ್ದಳು.

ಸಾವಿರದ ಒಂಬೈನೂರ ಹದಿನೆಂಟನೆಯ ಇಸವಿಯ ಆ ಹಾಳು ಜ್ವರ ಅವರ ಒಬ್ಬಳೇ ಮಗಳು ರಾಜಮತಿಯನ್ನು ಹಿಡಿಯಿತು. ಏಳು ವರ್ಷದ ಕೂಸು. ಜ್ವರ ಬಿಟ್ಟಿತು, ಬಿಡುವಾಗ ಕಣ್ಣು, ಕಿವಿ, ಮಾತು ಎಲ್ಲ ಬಳಿದುಕೊಂಡು ಹೋಯಿತು. ಹುಡುಗಿ ಹಾಸಿಗೆಯಲ್ಲೇ ಉಳಿದಳು. ಜಮಖಂಡಿಯಿಂದ ಬಂದ ಡಾಕ್ಟರು, "ಇನ್ನ ಇಷ್ಟ ನೋಡ್ರಿ" ಎಂದು ಕೈ ತೊಳೆದುಕೊಂಡರು.

ಆಗ ಸಾವಕ್ಕನಿಗೆ ಬಸದಿಯ ಪಂಡಿತರ ಮಾತು ನೆನಪಾಯಿತು: ಗಿಡಬಳ್ಳಿಗೆ ಇರುವುದು ಒಂದೇ ಇಂದ್ರಿಯ, ಸ್ಪರ್ಶ. ಹಿತ್ತಲಿಗೆ ಓಡಿ ಹೀರೇಬಳ್ಳಿಯ ನೂಲಿನಂಥ ಕುಡಿಯನ್ನು ಬೆರಳಿನಿಂದ ಸವರುತ್ತ ನಿಂತಳು. ಸ್ವಲ್ಪ ಹೊತ್ತಿಗೆ ಅದು ಮೆಲ್ಲಗೆ ಬಾಗಿತು.

"ನೋಡ್ರಿ, ಇದಕ್ಕ ಕಣ್ಣಿಲ್ಲ, ಕಿವಿ ಇಲ್ಲ. ಆದ್ರೂ ತಿಳೀತೈತಿ! ನನ್ನ ಮಗಳಿಗೆ ತಿಳಿಯಂಗಿಲ್ಲೇನ್ರಿ?"

ಪಾರಿಸಪ್ಪ ಒಳಗೆ ಹೋಗಿ ಮಗಳ ಹಾಸಿಗೆಯನ್ನು ಕಿಟಕಿಯ ಬಳಿಗೆ ಎಳೆದ.

ಅಂದಿನಿಂದ ಮಗಳ ಅಂಗೈ ಸವರುವುದೇ ಅವಳ ಕೆಲಸ. "ಹಿಡಿಯವ್ವಾ, ಒಮ್ಮೆ ಹಿಡಿ, ಸಾಕು." ತಿಂಗಳುಗಳು ಕಳೆದವು, ಒಂದು ಬೆರಳೂ ಮಡಚಲಿಲ್ಲ. ಮುಂದಿನ ಮಳೆಗಾಲಕ್ಕೆ ಅದೇ ಹೀರೇಬೀಜವನ್ನು ಕಿಟಕಿಯ ಬುಡದಲ್ಲಿ ಊರಿದಳು. ಬಳ್ಳಿ ಸರಳು ಹಿಡಿದು ಏರಿತು. ಬಿಸಿಲು ತಾಗಲೆಂದು ಮಗಳ ಕೈಯನ್ನು ಅಲ್ಲೇ ಕಿಟಕಿಯ ಕಟ್ಟೆಯ ಮೇಲೆ ಇಡುತ್ತಿದ್ದಳು.

ಶ್ರಾವಣದ ಚತುರ್ದಶಿ. ಬೆಳಿಗ್ಗೆ ಬಸದಿಗೆ ಹೋದವಳು ಮಧ್ಯಾಹ್ನ ಬಂದು ನೋಡಿದರೆ, ಮಗಳ ಬೆರಳಿನಲ್ಲಿ ಹಸಿರು ಕುಡಿ!

"ಹಿಡದಾಳ್ರೀ! ನನ್ನ ಮಗಳು ಬಳ್ಳಿ ಹಿಡದಾಳ!"

ಪಾರಿಸಪ್ಪ ಓಡಿ ಬಂದು ಆ ಕೈ ಮುಟ್ಟಿದ. ತಣ್ಣಗಿತ್ತು. ಬೆರಳು ಎಂದಿನಂತೆ ನೆಟ್ಟಗೇ ಇತ್ತು, ಕುಡಿಯೇ ಅದಕ್ಕೆ ಎರಡು ಸುತ್ತು ಸುತ್ತಿಕೊಂಡಿತ್ತು.

"ಕೂಸು ಹಿಡದಿಲ್ಲ," ಎಂದ ಅವನು. "ಬಳ್ಳಿ ಹಿಡದೈತಿ. ಕೂಸು ಹೋಗೇತಿ."

ಹೆಣ ಎತ್ತಲು ಬಂದವರು ಕುಡಿ ನೋಡಿ ನಿಂತುಬಿಟ್ಟರು. ಇವತ್ತು ಯಾವ ದಿನ ಎಂಬುದು ಎಲ್ಲರಿಗೂ ಗೊತ್ತಿತ್ತು, ಮುರಿಯಲು ಯಾರಿಗೂ ಧೈರ್ಯ ಬರಲಿಲ್ಲ. ಸಾವಕ್ಕ ಕುಡಿಯನ್ನು ಬಿಡಿಸಲು ನೋಡಿದಳು. ಬಿಡಲಿಲ್ಲ.

"ಇದಕ್ಕ ತಿಳೀತೈತ್ರಿ," ಎಂದಳು. ಆಮೇಲೆ ತಾನೇ ಉಗುರಿನಿಂದ ಅದನ್ನು ಮುರಿದಳು. ಬೆರಳಿನ ಮೇಲಿನ ಎರಡು ಸುತ್ತನ್ನು ಮಾತ್ರ ಬಿಚ್ಚಲು ಯಾರಿಗೂ ಬಿಡಲಿಲ್ಲ.