ಅಳುಬುರುಕಿ ಡಾಕ್ಟರ್

ನನ್ನ ತಂಗಿಗೆ ಮನೆಯಲ್ಲಿ ಬಿದ್ದ ಹೆಸರು ಅಳುಬುರುಕಿ. ಬೀದಿನಾಯಿ ಕುಂಟಿದರೂ ಅಳು. ನನಗೆ ಏಟು ಬಿದ್ದರೆ ನನಗಿಂತ ಮೊದಲು ಅವಳೇ ರಾಗ ತೆಗೆಯುವಳು. "ನಿನ್ನ ಕಣ್ಣಿಗೆ ನಲ್ಲಿ ಕೂರಿಸಿದ ದೇವರು ಅದನ್ನ ನಿಲ್ಲಿಸೋದು ಹೇಳ್ಕೊಡ್ಲಿಲ್ಲ ಕಣೆ" ಎಂದು ರೇಗಿಸುತ್ತಿದ್ದೆ. ಅಪ್ಪ ಮಾತ್ರ ಅವಳ ಪರ. "ಇಂಥ ಹೆಂಗರುಳಿನವಳೇ ಡಾಕ್ಟರ್ ಆಗ್ಬೇಕು" ಅನ್ನುತ್ತಿದ್ದರು. ಅವಳು ಆಗಿಯೇಬಿಟ್ಟಳು. ಅಪ್ಪ ಹಾಗನ್ನದಿದ್ದರೆ ಚೆನ್ನಾಗಿತ್ತು ಎಂದು ಈಗ ಅನ್ನಿಸುತ್ತದೆ.

ದೊಡ್ಡಾಸ್ಪತ್ರೆಯ ತುರ್ತು ವಿಭಾಗ ಸೇರಿದ ಹೊಸದರಲ್ಲಿ ಮನೆಗೆ ಬಂದು ಅಮ್ಮನ ಮಡಿಲಲ್ಲಿ ಅತ್ತು, ಮುಖ ತೊಳೆದು, ಹೊಟ್ಟೆ ತುಂಬ ಉಂಡು ಮಲಗುತ್ತಿದ್ದಳು. ಆಮೇಲೆ ಜೊತೆಯವರಲ್ಲಿ ಒಬ್ಬ ಕೆಲಸ ಬಿಟ್ಟ, ಇನ್ನೊಬ್ಬಳು ಕಾಯಿಲೆ ಬಿದ್ದಳು. ಅವರ ಪಾಳಿಗಳೂ ಇವಳ ತಲೆಗೇ ಬಂದವು. ತಲೆ ತುರಿಸಿಕೊಳ್ಳಲೂ ಪುರುಸೊತ್ತಿಲ್ಲ. ಅಡುಗೆಕಟ್ಟೆಗೆ ಒರಗಿ ನಿಂತೇ ತಿನ್ನುವಳು, ಶೂ ಬಿಚ್ಚದೆ ಮಂಚಕ್ಕೆ ಬೀಳುವಳು. ಅಳು ಯಾವಾಗ ನಿಂತಿತೋ ನಾವ್ಯಾರೂ ಗಮನಿಸಲಿಲ್ಲ. "ಅಂತೂ ದೊಡ್ಡವಳಾದ್ಲು" ಎಂದು ಅಮ್ಮ ಖುಷಿಪಟ್ಟಳು.

ಒಂದು ಬೆಳಿಗ್ಗೆ ಅಪ್ಪ ಕುರ್ಚಿಯಲ್ಲಿ ಕೂತಲ್ಲೇ ಹೋಗಿಬಿಟ್ಟರು. ಪಾಳಿ ಮುಗಿಸಿ ಆಗತಾನೆ ಬಂದ ತಂಗಿ ಚೀಲ ಕೆಳಗಿಟ್ಟು ಅವರ ಕುತ್ತಿಗೆಗೆ ಬೆರಳೊತ್ತಿದಳು, ಕಣ್ಣಿಗೆ ಟಾರ್ಚ್ ಬಿಟ್ಟಳು, ಗೋಡೆ ಗಡಿಯಾರ ನೋಡಿ ಗಂಟೆ ಎಷ್ಟೆಂದು ಗಟ್ಟಿಯಾಗಿ ಹೇಳಿದಳು. ಸಾವಿನ ಹೊತ್ತನ್ನು ನರ್ಸ್ ಬರೆದುಕೊಳ್ಳಲಿ ಎಂದು ವಾರ್ಡಿನಲ್ಲಿ ಹಾಗೆ ಹೇಳುವುದು ಡಾಕ್ಟರುಗಳ ಕ್ರಮ. ಇಲ್ಲಿ ಬರೆದುಕೊಳ್ಳುವವರು ಯಾರಿದ್ದರು? ಆಮೇಲೆ ಅಮ್ಮನ ಕಡೆ ತಿರುಗಿ, "ನಮ್ಮ ಕೈಲಾದ ಪ್ರಯತ್ನ ಎಲ್ಲಾ ಮಾಡಿದ್ವಿ. ಧೈರ್ಯ ತಂದ್ಕೊಳ್ಳಿ" ಎಂದಳು.

ಯಾರೂ ಯಾವ ಪ್ರಯತ್ನವನ್ನೂ ಮಾಡಿರಲಿಲ್ಲ. ಅಮ್ಮ ಅಳುವುದನ್ನೇ ನಿಲ್ಲಿಸಿ ಮಗಳ ಮುಖ ನೋಡಿದಳು.

"ಹೋಗಿದ್ದು ನಿಮ್ಮಪ್ಪ ಕಣೇ."

"ಗೊತ್ತಮ್ಮ" ಎಂದಳು ತಂಗಿ.

ನೆಂಟರು ಕಲ್ಲೆದೆಯವಳು ಎಂದು ಆಡಿಕೊಂಡರು. ಅವರ ಬಾಯಿಗೆ ಬೀಗ ಹಾಕಲು ನಾನಿದ್ದೆ, ಹಾಕಿದೆ. ಅಮ್ಮನ ಸಂಕಟವೇ ಬೇರೆ. "ಅವಳು ಒಂದ್ಸಲ ಅತ್ತುಬಿಟ್ರೆ ಸಾಕು ಕಣೆ. ಇಲ್ದಿದ್ರೆ ಇವಳನ್ನೂ ಕಳ್ಕೋತೀವಿ." ತಂಗಿ ಮಾರನೇ ದಿನವೇ ಕೆಲಸಕ್ಕೆ ಹೋದಳು. ಮನೆಗೆ ಬಂದವಳನ್ನು ಮಾತಾಡಿಸಹೋದರೆ "ಆಮೇಲಮ್ಮ" ಎಂದು ಗೋಡೆ ಕಡೆ ಹೊರಳುವಳು.

ಕೊನೆಗೆ ಅಮ್ಮ ಹಟ ಹಿಡಿದು ನನ್ನನ್ನು ಆಸ್ಪತ್ರೆಗೆ ಎಳೆದೊಯ್ದಳು. ಅವತ್ತು ಹೊರರೋಗಿಗಳನ್ನು ನೋಡಲೂ ಜನವಿಲ್ಲದೆ ತಂಗಿಯನ್ನೇ ಅಲ್ಲಿ ಕೂರಿಸಿದ್ದರು. ಅಮ್ಮ ಎಲ್ಲರಂತೆ ಚೀಟಿ ಮಾಡಿಸಿ, ಕೆಮ್ಮುವವರು ನರಳುವವರ ನಡುವೆ ಬೆಂಚಿನ ಮೇಲೆ ಕಾದಳು. ಸರದಿ ಬಂದಾಗ ಒಳಗೆ ಹೋದೆವು. ತಂಗಿ ತಲೆ ಎತ್ತಲಿಲ್ಲ.

"ಏನು ತೊಂದ್ರೆ?"

"ಮಗಳಿಗೆ ಅಳು ಬರ್ತಿಲ್ಲ" ಎಂದಳು ಅಮ್ಮ.

"ಎಷ್ಟು ದಿನದಿಂದ?" ಪೆನ್ನು ಬರೆಯುತ್ತಲೇ ಇತ್ತು.

ಅಮ್ಮ ತನ್ನ ಚೀಟಿಯನ್ನು ಅವಳ ಪೆನ್ನಿನ ಮುಂದೆ ಸರಿಸಿದಳು. ಆಗ ಪೆನ್ನು ನಿಂತಿತು. ತಂಗಿ ಮುಖವೆತ್ತಿದಳು. ಅಮ್ಮ ಮೇಜು ಬಳಸಿ ಹೋಗಿ ಅವಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ಈಗ ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ, ಕೂತಲ್ಲೇ ನಿದ್ದೆ ಹೋದಳು. ಅಪ್ಪನೂ ಕುರ್ಚಿಯಲ್ಲಿ ಹೀಗೇ ಇದ್ದರು. ಉಸಿರಾಡುತ್ತಿದ್ದಾಳಾ ಎಂದು ಬಗ್ಗಿ ನೋಡಿದೆ. ಉಸಿರಾಡುತ್ತಿದ್ದಳು.

ಹೊರಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. ಸಾಲಿನಲ್ಲಿ ಗೊಣಗಾಟ ಶುರುವಾಗಿತ್ತು. "ಯಾಕಮ್ಮಾ, ಡಾಕ್ಟ್ರು ಇಲ್ವಾ?" ಎಂದು ಮುದುಕರೊಬ್ಬರು ಕೇಳಿದರು.

"ಡಾಕ್ಟ್ರಿಗೆ ಹುಷಾರಿಲ್ಲ ತಾತ" ಎಂದೆ. ಇಷ್ಟು ವರ್ಷಗಳಲ್ಲಿ ನಮ್ಮ ಮನೆಯವರು ಯಾರೂ ಆ ಮಾತು ಆಡಿರಲಿಲ್ಲ.